ಕೇಳದೆ ಕೊಟ್ಟ ಕೋಳಿ

"ಅತ್ತೆ, ನನ್ನ ಕೋಳಿ ಎಲ್ಲಿ?"

ಸಲೋಮಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಎಸ್ತೇರಮ್ಮ ಕನ್ನಡಿಯ ಮುಂದೆ ಸೆರಗಿಗೆ ಪಿನ್ನು ಹಾಕುತ್ತಾ ತಣ್ಣಗೆ ಹೇಳಿದಳು. "ದೇವಾಲಯಕ್ಕೆ ಕೊಟ್ಟು ಬಂದೆ ಕಣಮ್ಮಿ. ಇವತ್ತು ಸುಗ್ಗಿ ಹಬ್ಬ. ಬರಿಗೈಲಿ ಹೋಗಕ್ಕಾಯ್ತದಾ?"

ಹಬ್ಬದ ದಿನ ಅವರವರ ಮನೆಯಲ್ಲಿ ಇದ್ದದ್ದನ್ನು ಪೀಠದ ಮುಂದಿಟ್ಟು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ಹಾಕುವುದು ಹುಣಸೂರಿನ ಆ ಕ್ರೈಸ್ತ ಸಭೆಯ ವಾಡಿಕೆ. ಬಂದ ಹಣ ಕಷ್ಟದಲ್ಲಿರುವ ಒಂದು ಮನೆಗೆ. ಈ ಸಲ ಪಕ್ಕದ ಮನೆಯ ತಾಜುನ್ನೀಸಾಳ ಕಣ್ಣಿನ ಆಪರೇಷನ್ನಿಗೆ. ರವಿಕೆ ಹೊಲಿದು ಬದುಕುವವಳಿಗೆ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ, ಪಾಪ. ಅವಳಿಗೆ ಕೊಡುವುದಕ್ಕೆ ಸಲೋಮಿಗೇನೂ ಹೊಟ್ಟೆಯುರಿ ಇರಲಿಲ್ಲ. ಆದರೆ ಒಂದು ಮಾತು ಕೇಳಬಾರದಿತ್ತೇ...? ದಿನವಿಡೀ ಹೊಗೆಸೊಪ್ಪು ವಿಂಗಡಿಸಿ ಅವಳು ತರುವ ಕೂಲಿ ಅತ್ತೆಯ ಕೈಗೆ. ಗಂಡ ಜಯಶೀಲ ಮರಗೆಲಸದ ಅಂಗಡಿಯಲ್ಲಿ ದುಡಿದದ್ದೂ ಅತ್ತೆಯ ಕೈಗೆ. ಅತ್ತೆಯೋ ನರ್ಸಿಂಗ್ ಹೋಮಿನಲ್ಲಿ ಕಸ ಗುಡಿಸುವವಳು. ಮೂವರ ಸಂಬಳ ಸೇರಿದರೂ ತಿಂಗಳ ಕೊನೆಗೆ ಸಾರು ನೀರಾಗುತ್ತಿತ್ತು. ಅದರಲ್ಲೂ ಮೊದಲು ಇಲ್ಲದವರ ಪಾಲು ತೆಗೆದಿಡುವ ಹೆಂಗಸಿನ ಜೊತೆ ಜಗಳವಾಡುವುದಾದರೂ ಹೇಗೆ ಹೇಳಿ! ಆ ಕೋಳಿಯನ್ನು ಮಾತ್ರ ತವರಾದ ಎಚ್.ಡಿ. ಕೋಟೆಯಿಂದ ಸಲೋಮಿಯ ಅವ್ವ ಕೊಟ್ಟು ಕಳಿಸಿದ್ದಳು. ಅದರ ಮೊಟ್ಟೆ ಮಾರಿದ ಕಾಸನ್ನು ಯಾರಿಗೂ ಒಪ್ಪಿಸಬೇಕಾಗಿರಲಿಲ್ಲ.

"ಈ ಮನೇಲಿ ನನ್ನದು ಅಂತ ಏನೂ ಇಲ್ಲ ಅಂದಂಗಾಯ್ತು," ಎಂದಳು ಸಲೋಮಿ. "ಇವತ್ತು ಆ ಕೋಳಿ ಮನೆಗೆ ಬರ್ನಿಲ್ಲ ಅಂದ್ರೆ, ನಾನೂ ಇರಾಕಿಲ್ಲ. ಕೋಟೆ ಬಸ್ಸು ಹತ್ತುತೀನಿ."

ಜಯಶೀಲ ನೆಲ ನೋಡುತ್ತಾ ನಿಂತ. ಎಸ್ತೇರಮ್ಮನ ಪಿನ್ನು ಅವಳ ಬೆರಳಿಗೇ ಚುಚ್ಚಿತು.

ಮಧ್ಯಾಹ್ನ ಸಲೋಮಿ ಬಟ್ಟೆಯ ಬ್ಯಾಗು ಹಿಡಿದು ಹೊರಟೇಬಿಟ್ಟಳು. ಬಸ್ ಸ್ಟ್ಯಾಂಡಿನ ದಾರಿಯಲ್ಲೇ ದೇವಾಲಯ. ಕೋಳಿಯನ್ನು ಕಡೆಯ ಸಲ ನೋಡೋಣವೆಂದು ಗೇಟಿನ ಬಳಿ ನಿಂತಳು. ಕುಂಬಳಕಾಯಿ, ತೆಂಗಿನಕಾಯಿಗಳೆಲ್ಲ ಹೋಗಿ ಅವಳ ಕೋಳಿಯ ಸರದಿ ಬಂದಿತ್ತು. ಸಭೆಯ ಕಾರ್ಯದರ್ಶಿ ಸುನೀಲ್‌ಕುಮಾರ್ ಅದನ್ನು ಕಂಕುಳಲ್ಲಿ ಅವುಚಿಕೊಂಡು ಸ್ಟೂಲಿನ ಮೇಲೆ ನಿಂತು ಕೂಗುತ್ತಿದ್ದ.

"ಆ ಕಡೆ ಜಾಸ್ತಿ... ಈ ಕಡೆ ಇನ್ನೂ ಜಾಸ್ತಿ... ಬುಡಬ್ಯಾಡಿ ಕಣ್ರೀ!"

ಸಲೋಮಿ ಆ ಕಡೆ ನೋಡಿದಳು. ಹಲಸಿನ ಮರದ ಹಿಂದೆ ಕೈ ಎತ್ತಿ ನಿಂತಿದ್ದವನು ಜಯಶೀಲ! ಈ ಕಡೆ ನೋಡಿದಳು. ಹೆಂಗಸರ ಗುಂಪಿನ ನಡುವೆ ಎಸ್ತೇರಮ್ಮನ ಕೈ, ತನ್ನ ಕನ್ನಡಕಕ್ಕೆಂದು ಕೂಡಿಟ್ಟ ಕರ್ಚೀಫಿನ ಗಂಟು ಸಮೇತ! ಜನರ ನಡುವೆ ಮಗನಿಗೆ ತಾಯಿ ಕಾಣಳು, ತಾಯಿಗೆ ಮಗ ಕಾಣ. ಇಬ್ಬರನ್ನೂ ಕಂಡಿದ್ದ ಸುನೀಲ್‌ಕುಮಾರ್ ಗುಟ್ಟು ಬಿಡದೆ ಬೆಲೆ ಏರಿಸುತ್ತಲೇ ಇದ್ದ. ಊರೆಲ್ಲ ನಗುತ್ತಿತ್ತು. ಸಲೋಮಿಗೆ ಅಳು ಬಂತೋ ನಗು ಬಂತೋ, ಅವಳಿಗೇ ತಿಳಿಯಲಿಲ್ಲ.

"ನಿಲ್ಸಣ್ಣ, ಸಾಕು. ಇಬ್ರೂ ಒಂದೇ ಮನೆಯೋರು," ಎಂದು ಓಡಿ ಬಂದಳು.

ಗುಂಪು ಸರಿಯಿತು. ತಾಯಿ ಮಗ ಮುಖಾಮುಖಿಯಾದರು. ಎಸ್ತೇರಮ್ಮ ಕರ್ಚೀಫಿನ ಗಂಟನ್ನು ಮೇಜಿನ ಮೇಲಿಟ್ಟು, ಕೋಳಿಯನ್ನು ಇಸಿದುಕೊಂಡು ಸೊಸೆಯ ಕೈಗೆ ಕೊಟ್ಟಳು.

"ನಂದನ್ನ ಕೊಟ್ಟೂ ಕೊಟ್ಟೂ... ನಿಂದೂ ನಂದೇ ಅಂದ್ಕೊಂಬುಟ್ಟೆ ಕಣವ್ವ. ನಿನ್ ಕೇಳ್ದೆ ಕೊಟ್ಟಿದ್ದು ಕಾಣಿಕೆ ಅಲ್ಲ, ಕಳ್ಳತನ. ಮನೆ ಬುಟ್ಟು ಹೋಗಬ್ಯಾಡ."

ಕೋಳಿಯ ಬೆಚ್ಚನೆಯ ಮೈಯನ್ನು ಸಲೋಮಿ ಎದೆಗೊತ್ತಿಕೊಂಡಳು. ಆಮೇಲೆ ತಾನಾಗಿಯೇ ಅದನ್ನು ಸುನೀಲ್‌ಕುಮಾರನ ಕೈಗಿತ್ತಳು.

"ಇದು ನನ್ ಕೋಳಿ. ಈಗ ನಾನು ಕೊಡ್ತಾ ಇದೀನಿ. ಹರಾಜು ಬ್ಯಾಡಣ್ಣ, ತಾಜುನ್ನೀಸಾ ಅಕ್ಕನ ಮನೆಗೇ ಹೋಗ್ಲಿ. ಆಪರೇಷನ್ ಆದ್ಮೇಲೆ ಮೊಟ್ಟೆ ತಿನ್ಲಿ."

ಜಯಶೀಲ ಅವಳ ಬ್ಯಾಗನ್ನು ತನ್ನ ಹೆಗಲಿಗೇರಿಸಿಕೊಂಡ.

ದೇವಾಲಯದ ಅಂಗಳದಲ್ಲೇ ಹಬ್ಬದ ಊಟಕ್ಕೆ ಅತ್ತೆ ಸೊಸೆ ಒಟ್ಟಿಗೇ ಕೂತರು. ಎದುರಿಗೆ ಯಾರದೋ ಮಗು ಬಂದು ಎಸ್ತೇರಮ್ಮನ ಎಲೆಯನ್ನೇ ಆಸೆಯಿಂದ ನೋಡಿತು. ಅವಳ ಕೈ ತಟಕ್ಕನೆ ಹೋಳಿಗೆಗೆ ಹೋಯಿತು, ಹಾಗೇ ನಿಂತಿತು. ಮೆಲ್ಲಗೆ ಸೊಸೆಯ ಕಡೆ ತಿರುಗಿದಳು.

"ಸಲೋಮಿ... ಇದು ನನ್ ಎಲೇದೇ ಕಣವ್ವ. ಮಗೀಗೆ ಕೊಡ್ಲಾ?"