ಎಡಗೈ ಮಡಿಕೆ

"ನಾಲಿಗೆಗೆ ತಾಗಿಸಿದ್ರೆ ಕೈ ಮುರೀತೀನಿ ನೋಡು," ಎಂದಳು ಸೆನ್ ಅತ್ತೆ. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. "ಮೊದ್ಲು ನಿಮ್ಮಮ್ಮಂಗೆ ಎಡೆ. ಊದುಬತ್ತಿ ಉರಿದು ಮುಗೀಲಿ. ಆಮೇಲೆ ನಾವು."

"ನಂಗೊತ್ತು. ನಾನೇನು ಚಿಕ್ಕ ಮಗುನಾ?" ಎಂದಳು ಲುವಾ.

"ಅಲ್ಲಮ್ಮ, ಮುದುಕಿ. ಹೋಗಿ ಕವರ್ ತಗೊಂಬಾ."

ಅಮ್ಮ ಸತ್ತು ಅವತ್ತಿಗೆ ಒಂದು ವರ್ಷ. ಹೊಯ್ ಆನ್ ಊರಿನಲ್ಲಿ ಯಾರ ಮನೆಯ ವರ್ಷದ ಎಡೆಯಾದರೂ ಓಣಿಗೆಲ್ಲ ಎಣ್ಣೆಯ ವಾಸನೆ ಬರುತ್ತದೆ.

ಕವರ್ ಫ್ರೀಜರಿನ ತಳದಲ್ಲಿತ್ತು. ಆಸ್ಪತ್ರೆಗೆ ಹೋಗುವ ಮೊದಲು ಅಮ್ಮ ಕೂತು ಹಂದಿಮಾಂಸ, ಸಿಗಡಿ ಕೊಚ್ಚಿ, ತೆಳ್ಳಗಿನ ಹಿಟ್ಟಿನ ಹಾಳೆಯಲ್ಲಿ ತುಂಬಿ ಮಡಿಸಿಟ್ಟ ಕಡುಬುಗಳು. "ಇವು ಮುಗಿಯೋದ್ರೊಳಗೆ ಬಂದ್ಬಿಡ್ತೀನಿ," ಅಂದಿದ್ದಳು.

ಲುವಾ ಒಂದನ್ನೂ ತಿನ್ನಲಿಲ್ಲ. ಅಪ್ಪನಿಗೂ ಮುಟ್ಟಗೊಡಲಿಲ್ಲ. ಕಡುಬು ಮುಗಿಯಲಿಲ್ಲ. ಅಮ್ಮನೂ ಬರಲಿಲ್ಲ.

ಅಮ್ಮನ ಕೈಯಡುಗೆ ಅಂತ ಈ ಭೂಮಿಯ ಮೇಲೆ ಉಳಿದಿದ್ದು ಇಷ್ಟೇ. ಎಡೆಯಾದ ಮೇಲೆ ಒಂದೇ ಒಂದನ್ನು ತಿನ್ನಬೇಕು, ಕಣ್ಣು ಮುಚ್ಚಿಕೊಂಡು ತಿನ್ನಬೇಕು ಅಂತ ಲುವಾ ಎಷ್ಟೋ ದಿನದಿಂದ ಅಂದುಕೊಂಡಿದ್ದಳು.

ಅತ್ತೆ ಒಂದು ಹಿಡಿ ಕಡುಬನ್ನು ಎಣ್ಣೆಗೆ ಬಿಟ್ಟಳು. ಚೊಂಯ್ ಎಂದು ಸದ್ದಾಯಿತು. ಲುವಾ ಇನ್ನೊಂದನ್ನು ಎತ್ತಿಕೊಂಡು ಐಸ್ ಒರೆಸಿದಳು.

ಬಲಗಡೆಯ ಮೂಲೆ ಮೇಲಿತ್ತು.

ಅಮ್ಮ ಎಡಗೈಯವಳು. ಅವಳು ಮಡಿಸಿದರೆ ಯಾವಾಗಲೂ ಎಡಗಡೆಯ ಮೂಲೆ ಮೇಲೆ. "ಎಡವಟ್ಟು ಕಡುಬು" ಅಂತ ಅತ್ತೆಯೇ ಆಡಿಕೊಳ್ಳುತ್ತಿದ್ದಳು. ಲುವಾ ಇನ್ನೊಂದು ನೋಡಿದಳು. ಮತ್ತೊಂದು ನೋಡಿದಳು. ಎಲ್ಲವೂ ಬಲ. ಅಂಚುಗಳನ್ನು ಅಂಗಿಯ ಕಾಲರಿನ ಹಾಗೆ ನೆಟ್ಟಗೆ ಒತ್ತಲಾಗಿತ್ತು.

ಕಾಲರ್ ಹೊಲಿಯುವವನು ಮನೆಯಲ್ಲಿ ಒಬ್ಬನೇ.

ಅವಳು ಮುಂದಿನ ಕೋಣೆಗೆ ಓಡಿದಳು. ಅಪ್ಪ ಹೊಲಿಗೆ ಮಷೀನಿನ ಮುಂದಿದ್ದ.

"ಇದು ಅಮ್ಮನ ಕೈಯದ್ದಲ್ಲ."

ಮಷೀನ್ ನಿಂತಿತು.

"ನಾನು ಕೇಳ್ತಿದೀನಿ ಅಪ್ಪ. ಅಮ್ಮಂದು ಎಲ್ಲಿ?"

"ನೆರೆ ಬಂದಿತ್ತಲ್ಲ ಮಗಾ," ಅಪ್ಪ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ನಿನ್ನನ್ನ ಅಜ್ಜಿ ಮನೇಗೆ ಕಳಿಸಿದ್ದೆ. ಕರೆಂಟೇ ಇರ್ಲಿಲ್ಲ. ಎಲ್ಲಾ ಕೊಳೆತು ನಾರ್ತಿತ್ತು. ಎಸೆದೆ."

"ಎಲ್ಲಿ?"

"ನೀರಿಗೆ."

"ನಂಗೆ ಹೇಳ್ಬೇಕಿತ್ತು."

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ನೀನು ಸುಳ್ಳ," ಎಂದಳು ಲುವಾ. ಕೈಯಲ್ಲಿದ್ದ ಕಡುಬನ್ನು ನೆಲಕ್ಕೆ ಬಡಿದಳು. ಅದು ಕಲ್ಲಿನ ಹಾಗೆ ಉರುಳಿ ಮಷೀನಿನ ಕೆಳಗೆ ಹೋಯಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಆಗ ಇನ್ನೂ ಜೋರಾಗಿ ಕಿರುಚಬಹುದಿತ್ತು.

ಅತ್ತೆ ಹೊಂಬಣ್ಣದ ಕಡುಬುಗಳನ್ನು ಅಮ್ಮನ ಫೋಟೊದ ಮುಂದಿಟ್ಟು ಊದುಬತ್ತಿ ಹಚ್ಚಿದಳು. ಲುವಾ ಕೈಮುಗಿಯಲಿಲ್ಲ. ಫೋಟೊದ ಅಮ್ಮ ಏನೂ ಗೊತ್ತಿಲ್ಲದವಳಂತೆ ನಗುತ್ತಿದ್ದಳು. ಬೂದಿ ಬಾಗಿ ಬಾಗಿ ಕೊನೆಗೆ ಉದುರಿತು.

ತಟ್ಟೆ ಕೆಳಗಿಳಿಯಿತು. ಲುವಾ ಒಂದನ್ನು ಕಚ್ಚಿದಳು. ಹೊರಗೆ ಗರಿಗರಿ. ಒಳಗೆ ಬರೀ ಉಪ್ಪು. ಸಿಗಡಿಯ ಕರುಳನ್ನು ತೆಗೆದಿರಲಿಲ್ಲ. ಹಲ್ಲಿಗೆ ಮರಳು ಸಿಕ್ಕಿತು.

"ಅಯ್ಯೋ, ಇದೇನೋ ಇದು?" ಅತ್ತೆ ಬಾಯಿಗೆ ನೀರು ಸುರಿದುಕೊಂಡಳು. "ಸಮುದ್ರಾನೇ ತುಂಬಿದೀಯಾ? ರುಚಿ ನೋಡೋಕೆ ಏನಾಗಿತ್ತು ನಿಂಗೆ?"

"ಅವಳ ಎಡೆಗೆ ಅಂತ ಮಾಡಿದ್ದಲ್ವಾ ಅಕ್ಕ," ಎಂದ ಅಪ್ಪ. "ಹೆಂಗೆ ನೋಡ್ಲಿ?"

ಅತ್ತೆ ನೀರಿನ ಲೋಟ ಕೆಳಗಿಟ್ಟಳು.

ಲುವಾ ಅಪ್ಪನ ಕೈ ನೋಡಿದಳು. ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಹೆಬ್ಬೆರಳು. ನೆರೆ ಇಳಿದ ಮೇಲೆ, ಕೆಸರು ತುಂಬಿದ ಈ ಮನೆಯಲ್ಲಿ ಒಬ್ಬನೇ ಕೂತು, ಆ ಹೆಬ್ಬೆರಳಿನಿಂದ ಒಂದೊಂದೇ ಅಂಚು ಒತ್ತಿದ್ದಾನೆ. ಆಮೇಲೆ ಅದೇ ಹಳೇ ಕವರಿಗೆ ತುಂಬಿ, ಅದೇ ಜಾಗದಲ್ಲಿಟ್ಟು, ಅವಳನ್ನು ಕರೆತರಲು ಅಜ್ಜಿ ಮನೆಗೆ ಬಂದಿದ್ದಾನೆ.

ಅಮ್ಮನ ರುಚಿ ಹೇಗಿತ್ತು ಅಂತ ನೆನಪಿಸಿಕೊಳ್ಳಲು ನೋಡಿದಳು. ಬಾಯಲ್ಲಿ ಉಪ್ಪು ಬಿಟ್ಟು ಬೇರೇನೂ ಇರಲಿಲ್ಲ. ಆದರೂ ಕೈಯಲ್ಲಿದ್ದುದನ್ನು ಪೂರ್ತಿ ತಿಂದಳು.

"ಉಳಿದಿದ್ದನ್ನ ನಾಯಿಗಾದ್ರೂ ಹಾಕು," ಎಂದಳು ಅತ್ತೆ.

"ಬೇಡ. ಇರ್ಲಿ," ಎಂದಳು ಲುವಾ.

ಲುವಾ ಮಷೀನಿನ ಕೆಳಗೆ ತೂರಿ, ಬಿದ್ದಿದ್ದ ಕಡುಬನ್ನು ಹುಡುಕಿ ತೆಗೆದಳು. ದೂಳು ಒರೆಸಿ ಕವರಿಗೆ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದಳು. ಫ್ರೀಜರಿನ ತಳದಲ್ಲಿ ಐಸ್ ಸರಿಸಿ ಅದೇ ಜಾಗದಲ್ಲಿಟ್ಟಳು. ಬೆರಳು ಮರಗಟ್ಟುವವರೆಗೂ ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದಳು.