ಸೊಸೆಯ ಬೆನ್ನೆಲುಬು

"ಮೂವತ್ತೆಂಟಕ್ಕ ಮುದುಕಿ ಆದೇನವಾ? ಅರವತ್ತೈದು ದಾಟೇನಿ ನಾ, ಇವತ್ತಿಗೂ ಎರಡು ಕೊಡ ನೀರು ಹೊರತೇನಿ! ಒಂದು ಹಿಟ್ಟಿನ ಡಬ್ಬಿ ಎತ್ತಿದ್ದಕ್ಕ ಇಷ್ಟು ಸೋಗೇನು? ಏಳ ಮ್ಯಾಲೆ!"

ಸವದತ್ತಿಯ ಆ ಮನೆಯ ಅಡುಗೆಮನೆಯಲ್ಲಿ ತಂಗೆವ್ವ ಹೀಗೆ ಕೂಗಾಡುತ್ತಿದ್ದರೆ, ಸೊಸೆ ಅನ್ನಪೂರ್ಣಾ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದಳು. ಜೋಳದ ಹಿಟ್ಟಿನ ಡಬ್ಬಿಯನ್ನು ನೆಲದಿಂದ ಎತ್ತಿದ್ದಷ್ಟೇ, ಬೆನ್ನಿನಲ್ಲಿ ಏನೋ ಲಟಕ್ಕೆಂದಿತ್ತು. ಉಸಿರು ಎಳೆದರೆ ಪ್ರಾಣ ಹೋಗುವಂಥ ನೋವು... ಆದರೂ ಆಕೆ ಅತ್ತೆಗೆ ಎದುರಾಡಲಿಲ್ಲ. ಈ ಮನೆ ತುಂಬಿದಂದಿನಿಂದ ಎದುರಾಡಿದವಳೇ ಅಲ್ಲ. ಹಾಗೆ ಇದ್ದದ್ದಕ್ಕೆ ಊರೆಲ್ಲ ಆಕೆಯನ್ನು ಹೊಗಳಿತು. ಹೊಗಳಿದವರಿಗೇನು, ನೋವು ತಿಂದವಳು ಇವಳು!

ಹೊಲದಿಂದ ಓಡಿಬಂದ ಗಂಡ ಕಲ್ಮೇಶ ಹೆಂಡತಿಯನ್ನು ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ದ. "ನಾಟಕ ಹೌದೋ ಅಲ್ಲೋ ನಾನೂ ನೋಡತೇನಿ" ಎಂದು ತಂಗೆವ್ವನೂ ಗಾಡಿ ಹತ್ತಿದಳು. ಎಕ್ಸ್‌ರೇ ತೆಗೆಸಿ ಡಾಕ್ಟರಮ್ಮ ಬೆಳಕಿಗೆ ಹಿಡಿದಳು. ಬೆನ್ನಿನ ಎರಡು ಎಲುಬು ಕುಸಿದು ಚಪ್ಪಟೆಯಾಗಿದ್ದವು.

"ನಿಮಗ ಮುಟ್ಟು ಯಾವಾಗ ನಿಂತತ್ರಿ?" ಎಂದು ಆಕೆ ಕೇಳಿದಳು.

ಅನ್ನಪೂರ್ಣಾ ತಲೆ ತಗ್ಗಿಸಿದಳು. ಉತ್ತರ ಕೊಟ್ಟವಳು ತಂಗೆವ್ವ, ಅದೂ ತುಸು ಹೆಮ್ಮೆಯಿಂದಲೇ. "ಸಣ್ಣಾಕಿ ಇದ್ದಾಗನ ಗರ್ಭಚೀಲ ತಗಸೇವ್ರಿ. ಈಗ ಆ ಕಿರಿಕಿರಿನ ಇಲ್ಲ."

ಆ ಹೆಮ್ಮೆಗೆ ಕಾರಣವಿತ್ತು. ತಂಗೆವ್ವ ಎಲ್ಲಮ್ಮನ ಕಟ್ಟಾ ಭಕ್ತೆ. ಹುಣ್ಣಿಮೆ ಬಂದರೆ ಆ ಮನೆಯಲ್ಲಿ ಪಡಲಗಿ ತುಂಬಬೇಕು, ಅಂದರೆ ದೇವಿಯ ಬಿದಿರಿನ ಬುಟ್ಟಿಗೆ ಹೋಳಿಗೆ, ಕಡಬು, ಅನ್ನ ಹಾಕಿ ಐದು ಮನೆಯವರನ್ನು ಕರೆದು ಉಣಬಡಿಸಬೇಕು. ಸೊಸೆಯ ಮುಟ್ಟಿಗೆ ಹೊತ್ತುಗೊತ್ತಿಲ್ಲ, ಎಷ್ಟೋ ಸಲ ಹುಣ್ಣಿಮೆಯ ದಿನವೇ ಆಕೆ ಹಿತ್ತಲಲ್ಲಿ ಕೂರಬೇಕಾಗುತ್ತಿತ್ತು. ಕರೆದವರಿಗೆ ಬರಬೇಡಿ ಎಂದು ಹೇಳಿ ಕಳಿಸುವ ಅವಮಾನ! ಕಡೆಗೆ ಒಬ್ಬ ಡಾಕ್ಟರ ಹತ್ತಿರ ಹೋದರು. ಗರ್ಭಚೀಲದ ಜೊತೆಗೆ ಅಂಡಾಶಯವನ್ನೂ ತೆಗೆಯುವುದೋ ಬಿಡುವುದೋ ಎಂದು ಆತ ಕೇಳಿದಾಗ, "ಎಲ್ಲಾ ತಗದ ಬಿಡ್ರಿ, ಮತ್ತ ತಾಪತ್ರಯ ಬ್ಯಾಡ" ಅಂದವಳು ತಂಗೆವ್ವ. ಅನ್ನಪೂರ್ಣಾಳಿಗೂ ಆಗ ಸಂತೋಷವೇ ಆಗಿತ್ತು. ಇನ್ನು ಪಡಲಗಿ ತಾನೇ ತುಂಬಬಹುದು, ಅತ್ತೆಯ ಬಾಯಿಗೆ ಬೀಳುವುದು ತಪ್ಪಿತು ಎಂದುಕೊಂಡಿದ್ದಳು, ಪಾಪ.

ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ನೋಡ್ರಿ ಅಮ್ಮಾ, ನಮ್ಮ ಎಲುಬು ದಿನಾ ಸ್ವಲ್ಪ ಸ್ವಲ್ಪ ಕರಗತದ, ಹೊಸಾದು ಕಟ್ಟತದ. ಕರಗಸೋ ಕಣ ಬ್ಯಾರೆ, ಕಟ್ಟೋವು ಬ್ಯಾರೆ. ಇನ್ನ ರಕ್ತದಾಗ ಬಿಳಿ ಕಣ ಅಂತ ಇರತಾವ. ರೋಗ ಬಂದಾಗ ಅದರ ಜೋಡಿ ಬಡದಾಡಿ ನಮ್ಮನ್ನ ಕಾಯತಾವ. ಅಂಡಾಶಯದಿಂದ ಬರೋ ಹಾರ್ಮೋನು ಅವನ್ನ ಹದ್ದುಬಸ್ತಿನಾಗ ಇಟ್ಟಿರತದ. ಅದನ್ನ ಒಮ್ಮೆಲೆ ತಗದ್ರ ಕಾಯೋ ಕಣಗಳೊಳಗ ಕೆಲವು ಕೆರಳತಾವ. ಎಲುಬು ಕರಗಸೋ ಕಣಕ್ಕ ಅವ ಕುಮ್ಮಕ್ಕು ಕೊಡತಾವ. ಇಷ್ಟು ವರ್ಷ ಇವರ ಮೈಯಾಗ ಅದ ನಡದದ."

"ಅಂದ್ರ... ಕಾಯೋವ ತಿಂದವೇನ್ರಿ?" ತಂಗೆವ್ವನ ದನಿ ಇಳಿದಿತ್ತು.

"ಹಂಗ ತಿಳಕೋರಿ. ಔಷಧ ಕೊಡತೀನಿ, ಮುಂದ ಸವೆಯೋದನ್ನ ಕಡಿಮಿ ಮಾಡಬಹುದು. ಕುಸಿದದ್ದು ಮಾತ್ರ ಮದಲಿನಂಗ ಆಗೂದಿಲ್ಲ. ಬಗ್ಗಬಾರದು, ಭಾರ ಎತ್ತಬಾರದು. ಮನೀಗೆ ಹೋಗಿ ಮಲಗಸ್ರಿ. ಆಮ್ಯಾಲೆ ಕೆಲವು ವಾರ ಗಾಡಿ ಹತ್ತೋದು ಬ್ಯಾಡ."

ಮರುದಿನದಿಂದ ತಂಗೆವ್ವ ರೊಟ್ಟಿ ತಾನೇ ಬಡಿದಳು, ಸೊಸೆಗೆ ತಾನೇ ನೀರು ಕಾಯಿಸಿಟ್ಟಳು. ಕ್ಷಮಿಸು ಎನ್ನಲು ಮಾತ್ರ ಆ ನಾಲಿಗೆಗೆ ರೂಢಿಯೇ ಇರಲಿಲ್ಲ!

ಅದೇ ವಾರ ರಾಮದುರ್ಗದಿಂದ ತಂಗೆವ್ವನ ಮಗಳು ಮಂಜುಳಾ ಬಂದಳು. ಚೀಲ ಹೊಸ್ತಿಲಲ್ಲಿಟ್ಟವಳೇ, "ಅವ್ವಾ, ನಾಡಿದ್ದ ನನಗೂ ಆಪರೇಶನ್ ಐತಿ. ಬಿಳಿ ಸೆರಗು ಹೋಗತೈತಿ ಅಂದಿದ್ದಕ್ಕ ನಮ್ಮ ಅತ್ತಿ ಎಲ್ಲಾ ತಗಸೂಣು ಅಂದಾರ. ನೀ ಜೋಡಿ ಬಾ" ಎಂದಳು.

"ಬ್ಯಾಡ!" ತಂಗೆವ್ವ ಚೀರಿದಳು. "ಬ್ಯಾಡ ನನ ಕೂಸ... ನಿನ್ನ ಎಲುಬೆಲ್ಲಾ ಕರಗಿ ಹೋಗತಾವ! ಗುಳಿಗಿಲೆ ವಾಸಿ ಆಗೂದಕ್ಕ ಯಾಕ ಹೊಟ್ಟಿ ಕೊಯ್ಸಕೋತಿ? ಬೆಳಗಾವಿ ಡಾಕ್ಟರಮ್ಮಗ ತೋರಸೂಣು. ನಾ ಸತ್ತರೂ ಒಪ್ಪಾಂಗಿಲ್ಲ!"

ಒಳಗಿನ ಮಂಚದ ಮೇಲಿದ್ದ ಅನ್ನಪೂರ್ಣಾ ಎಲ್ಲವನ್ನೂ ಕೇಳಿದಳು. ಮಗಳ ವಿಷಯಕ್ಕೆ ಎಷ್ಟು ಬೇಗ ಬಂತು ಆ 'ಬ್ಯಾಡ'! ಗೋಡೆ ಹಿಡಿದು ಎದ್ದು ಬಾಗಿಲಿಗೆ ಬಂದಳು. ಜೀವಮಾನದಲ್ಲಿ ಮೊದಲ ಸಲ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

"ಅತ್ತಿ, ನಾ ನಿಮ್ಮ ಹೊಟ್ಟ್ಯಾಗ ಹುಟ್ಟಿದ್ರ... ಅವತ್ತ ಎಲ್ಲಾ ತಗದ ಬಿಡ್ರಿ ಅಂತಿದ್ರೇನ್ರಿ?"

ತಂಗೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಅಂತಿದ್ದಿಲ್ಲವಾ... ಒಂದೀಟು ಕೇಳಿ, ವಿಚಾರ ಮಾಡಿ ನೋಡತಿದ್ದೆ."

ಆ ಮಾತು ಅನ್ನಪೂರ್ಣಾಳ ಎದೆಗೆ ನಾಟಿತು. ಕಣ್ಣೀರು ತಾನಾಗಿ ಇಳಿಯಿತು, ಆಕೆ ಒರೆಸಿಕೊಳ್ಳಲೂ ಹೋಗಲಿಲ್ಲ.

"ಆದ್ರ ನಮ್ಮ ಅತ್ತಿ ನಂಬಬೇಕಲ್ಲ ವೈನಿ?" ಮಂಜುಳಾ ಅತ್ತಿಗೆಯತ್ತ ತಿರುಗಿ ಅಳತೊಡಗಿದಳು. "ಫೋನಿನ್ಯಾಗ ಹೇಳಿದ್ರ ತವರಮನಿಯವರ ಆಟ ಅಂತಾರ. ಅವರು ಇಲ್ಲಿಗೆ ಬರೂ ಪೈಕಿ ಅಲ್ಲ."

"ನಾನ ಬರತೇನಿ ನಡಿ," ಎಂದಳು ಅನ್ನಪೂರ್ಣಾ. "ನನ್ನ ಬೆನ್ನು ಕಣ್ಣಿಲೆ ನೋಡಿದ್ರ ನಂಬತಾರ."

"ಗಾಡಿ ಹತ್ತಬಾರದು ಅಂದಾರ! ಇನ್ನೊಂದು ಎಲುಬು ಕುಸಿದ್ರ?" ಕಲ್ಮೇಶ ಅಡ್ಡ ನಿಂತ.

"ನನ್ನ ಸಲುವಾಗಿ ಯಾರೂ ಅಡ್ಡ ನಿಂದ್ರಲಿಲ್ಲರಿ. ಈಕಿಗೆ ನಾನರ ನಿಂದ್ರತೇನಿ. ಗಾಡಿ ತರ್ರಿ."

ಕಲ್ಮೇಶನ ತಲೆ ತಗ್ಗಿತು. ಅವತ್ತು ಸುಮ್ಮನಿದ್ದವರಲ್ಲಿ ಅವನೂ ಒಬ್ಬ. ಗಾಡಿ ಬಂತು, ಹಿಂದಿನ ಸೀಟಿಗೆ ದಿಂಬು ಒಟ್ಟಿದರು. ಅನ್ನಪೂರ್ಣಾ ಆಸ್ಪತ್ರೆಯಲ್ಲಿ ಕೊಟ್ಟ ಸೊಂಟದ ಪಟ್ಟಿ ಬಿಗಿದುಕೊಂಡು ಹೊಸ್ತಿಲು ದಾಟುವಷ್ಟರಲ್ಲಿ ತಂಗೆವ್ವ ಧೊಪ್ಪನೆ ಬಿದ್ದು ಆಕೆಯ ಎರಡೂ ಕಾಲು ಹಿಡಿದುಕೊಂಡಳು. ಊರವರಿಂದೆಲ್ಲ ಕಾಲು ಮುಟ್ಟಿಸಿಕೊಂಡ ಮುದುಕಿ, ಸೊಸೆಯ ಕಾಲಿಗೆ ಹಣೆ ಹಚ್ಚಿ ಬಿಕ್ಕತೊಡಗಿದಳು.

"ಏಳ್ರಿ ಅತ್ತಿ..." ಅನ್ನಪೂರ್ಣಾ ಕೈ ಕೆಳಗೆ ಚಾಚಿದಳು, ಅತ್ತೆಯ ಭುಜ ಎಟುಕಲಿಲ್ಲ. "ನೀವ ಏಳ್ರಿ. ನಿಮ್ಮನ್ನ ಎಬ್ಬಸಾಕ ನನಗ ಬಗ್ಗಾಕ ಬರಾಂಗಿಲ್ಲ."