ಪ್ರಶ್ನೆಗೆ ಮೊದಲೇ ಬಂದ ಉತ್ತರ

ಉತ್ತರ ಬೆಳಿಗ್ಗೆಯೇ ಬಂದಿತ್ತು. ಪ್ರಶ್ನೆ ಬಂದದ್ದು ಸಂಜೆ!

ಅದನ್ನು ಮೊದಲು ಕಂಡುಹಿಡಿದವರು ಮ್ಯಾನೇಜರ್. ಹಳೆಯ ಹಾಡುಗಳ ಒಗಟು ಬಿಡಿಸುವ ಆ ಆನ್‌ಲೈನ್ ಗುಂಪನ್ನು ಕಟ್ಟಿದವರು ಅವರೇ. ಬ್ಯಾಂಕಿನಿಂದ ನಿವೃತ್ತರಾಗಿದ್ದರೂ ಲೆಕ್ಕ ತಾಳೆಯಾಗದಿದ್ದರೆ ಊಟ ಸೇರದ ಜೀವ. "ಎಲ್ಲರೂ ಸ್ವಲ್ಪ ಹಿಂದಕ್ಕೆ ಹೋಗಿ ಬೆಳಗಿನ ಸಂದೇಶ ನೋಡಿ" ಎಂದು ಬರೆದರು.

ಆ ಭಾನುವಾರ ಒಗಟು ಹಾಕುವ ಸರದಿ ಕನ್ನಡಕದಕ್ಕನದು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದರಿಂದ ಗುಂಪಿನಲ್ಲಿ ಅವಳಿಗೆ ಅದೇ ಹೆಸರು. ಅವಳು ಹಾಕಿದ್ದು ಇಷ್ಟು: 'ಕಾಲೇ ಇಲ್ಲದವನಿಗೆ ನಡೆಯುವುದನ್ನು ಹೇಳಿಕೊಡುತ್ತಾಳೆ. ಕೊಳಲು ಎರಡು ಸಲ ಕರೆದು ಮೂರನೆಯ ಸಲ ಸುಮ್ಮನಾಗುತ್ತದೆ. ಯಾವ ಹಾಡು?' ಕಾಲಿಲ್ಲದವನು ಗಾಳಿ, ಕೊಳಲು ಹಾಡಿನ ಆರಂಭದ್ದು. ಹಾಡು 'ಗಾಳಿಯೇ ಮೆಲ್ಲನೆ ನಡೆ'. ತೆರೆಯನ್ನೇ ಕಾಣದ ಒಂದು ಸಿನಿಮಾದ್ದು, ರೇಡಿಯೋದಲ್ಲೂ ಬಂದದ್ದು ಅಪರೂಪ. ಎಲ್ಲರೂ ವಾರವಿಡೀ ತಲೆ ಕೆರೆದುಕೊಳ್ಳಲಿ ಎಂದು ಬೇಕೆಂದೇ ಆರಿಸಿದ್ದಳು.

ಗುಂಪಿನಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಭಾನುವಾರ ಬೆಳಿಗ್ಗೆ ಯಾವ ಹಾಡು ನಾಲಿಗೆಯ ಮೇಲೆ ಕೂತಿರುತ್ತದೋ ಅದರ ಮೊದಲ ಸಾಲನ್ನು ಎಲ್ಲರೂ ಬರೆಯಬೇಕು. ಆ ಬೆಳಿಗ್ಗೆ ಬೇಕರಿಯಣ್ಣ ಬರೆದಿದ್ದ— 'ಗಾಳಿಯೇ ಮೆಲ್ಲನೆ ನಡೆ.' ಅಂಗಡಿಯ ಗಡಿಬಿಡಿಯಲ್ಲಿ ಕನ್ನಡಕದಕ್ಕ ಅದನ್ನು ಓದಿರಲೇ ಇಲ್ಲ. ಸಂಜೆ ಒಗಟು ಓದಿದ ಮ್ಯಾನೇಜರಿಗೆ ಮಾತ್ರ ಆ ಸಾಲು ತಟ್ಟನೆ ನೆನಪಾಗಿತ್ತು.

"ಅಯ್ಯೋ! ಇದು ಬೆಳಗ್ಗೆ ನಾನು ಹಾಕಿದ ಹಾಡೇ ಅಲ್ವಾ?" ಎಂದು ಬೇಕರಿಯಣ್ಣ ನಗುವ ಮುಖಗಳ ಸಾಲನ್ನೇ ಕಳಿಸಿದ. ನಕ್ಕವನು ಅವನೊಬ್ಬನೇ.

"ಹೋದ ವಾರನೂ ನೀನೇ ಮೊದಲು," ಮ್ಯಾನೇಜರ್ ಬರೆದರು. "ಅದರ ಹಿಂದಿನ ವಾರನೂ ನೀನೇ. ಉತ್ತರ ಯಾರಪ್ಪ ಕೊಡ್ತಾರೆ ನಿನಗೆ?"

"ಯಾರೂ ಕೊಡಲ್ಲ ಸಾರ್."

"ಹಾಗಾದ್ರೆ ಕದ್ದೆಯಾ?"

ಬೇಕರಿಯಣ್ಣ ಗುಂಪು ಬಿಟ್ಟಿದ್ದಾನೆ ಎಂಬ ಸಾಲು ಮೂಡಿತು.

ಕನ್ನಡಕದಕ್ಕ ಆ ಸಾಲನ್ನು ಎರಡೆರಡು ಸಲ ಓದಿದಳು. ಊರು ಏಳುವ ಮೊದಲೇ ಎದ್ದು ಒಬ್ಬನೇ ಹಿಟ್ಟು ನಾದುವ ಮನುಷ್ಯ ಅವನು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲೂ ಒಬ್ಬನೇ. "ನಿಮ್ಮೆಲ್ಲರ ದನಿ ಇಲ್ದಿದ್ರೆ ನಂಗೆ ಬ್ರೆಡ್ಡೂ ಉಬ್ಬಲ್ಲ ಅಕ್ಕ" ಎಂದು ಒಮ್ಮೆ ಹೇಳಿದ್ದ. ಅಂಥವನನ್ನು ಕಳ್ಳ ಎಂದುಬಿಟ್ಟರಲ್ಲ! ಅವಳ ಕಣ್ಣು ತುಂಬಿ ಬಂತು.

ಮ್ಯಾನೇಜರ್ ಅಷ್ಟಕ್ಕೇ ಬಿಡದೆ ಕನ್ನಡಕದಕ್ಕನನ್ನೂ ಹಿಡಿದರು. "ಒಂದೋ ಅವನು ಕದ್ದಿರಬೇಕು, ಇಲ್ಲಾ ನೀವು ಕೊಟ್ಟಿರಬೇಕು. ಮೂರನೇ ದಾರಿ ಇದ್ರೆ ಹೇಳಿ. ಇಲ್ಲಾಂದ್ರೆ ಇಬ್ಬರೂ ಈ ಗುಂಪಿಗೆ ಬೇಡ."

ಆಗ ಬಾಯಿ ಹಾಕಿದವರು ಸ್ಟೆನೋಮ್ಮ. ಕೋರ್ಟಿನಲ್ಲಿ ಸ್ಟೆನೋ ಆಗಿದ್ದು ಸಾಕ್ಷಿಗಳ ಹೇಳಿಕೆಯನ್ನು ಕೇಳಿ ಕೇಳಿ ಟೈಪು ಮಾಡಿ ಬೆರಳು ಸವೆಸಿದವರು. "ತಡೀರಿ ಮ್ಯಾನೇಜರ್ರೇ. ತೀರ್ಪು ಆಮೇಲೆ, ಮೊದಲು ವಿಚಾರಣೆ. ಎಲ್ಲರೂ ವಿಡಿಯೋ ಕಾಲಿಗೆ ಬನ್ನಿ."

ಕನ್ನಡಕದಕ್ಕ ಊಟದ ಮೇಜಿನ ಮೇಲೆ ಫೋನ್ ಆನಿಸಿ ಕೂತಳು. ಹಿಂದುಗಡೆ ಗಂಡ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಡ್ರೈವಿಂಗ್ ಶಾಲೆಯ ಮೇಷ್ಟ್ರು. ಹಗಲೆಲ್ಲ "ಬ್ರೇಕ್! ಬ್ರೇಕ್!" ಎಂದು ಕೂಗಿ ಬಂದವನಿಗೆ ಮನೆಯಲ್ಲಿ ಮಾತು ಬೇಡ, ಹಾಡಂತೂ ಬೇಡವೇ ಬೇಡ. ಹಾಗೆಂದು ಅವಳೇ ತಿಳಿದುಕೊಂಡಿದ್ದಳು.

"ಈ ಹಾಡು ಯಾರಿಗೆ ಗೊತ್ತಿತ್ತಮ್ಮ?" ಸ್ಟೆನೋಮ್ಮ ಕೇಳಿದರು.

"ದೇವರಾಣೆ, ಯಾರಿಗೂ ಇಲ್ಲ."

"ಎಲ್ಲಾದ್ರೂ ಬರೆದಿಟ್ಟಿದ್ದೆಯಾ?"

"ಇಲ್ಲ. ತಲೇಲೇ ಇತ್ತು."

"ತಲೆಗೆ ಯಾವಾಗ ಬಂತು?"

"ಮಂಗಳವಾರ. ಅಂಗಡೀಲಿ ಲೆನ್ಸ್ ಉಜ್ಜುತ್ತಾ ಇದ್ದೆ, ತಾನಾಗೇ ಹೊಳೀತು. ಎಷ್ಟೋ ವರ್ಷದಿಂದ ನೆನಪೇ ಆಗಿರಲಿಲ್ಲ."

"ತಾನಾಗೇ?" ಸ್ಟೆನೋಮ್ಮ ಕಣ್ಣು ಕಿರಿದು ಮಾಡಿದರು. "ಸರಿ. ಆ ಬೇಕರಿಯವನನ್ನ ಕರೀರಿ."

ಬರುವುದಿಲ್ಲ ಎಂದ. ಕನ್ನಡಕದಕ್ಕ ಗೋಗರೆದ ಮೇಲೆ ಬಂದ. ಮುಖ ಸಣ್ಣಗಾಗಿತ್ತು.

"ಆ ಹಾಡು ನಿನ್ನ ಬಾಯಿಗೆ ಹೇಗೆ ಬಂತಪ್ಪ?"

"ಗೊತ್ತಿಲ್ಲಮ್ಮ. ಬೆಳಗ್ಗೆ ಹಿಟ್ಟು ಕಲಸಿ ಮುಗಿಸೋ ಹೊತ್ತಿಗೆ ನಾಲಿಗೆ ಮೇಲಿತ್ತು. ಬಂದಿದ್ದನ್ನ ಬರೆದೆ. ತಪ್ಪಾಯ್ತು, ಬಿಡಿ."

"ನೋಡಿದ್ರಾ?" ಮ್ಯಾನೇಜರ್ ಎಂದರು. "ಇವನಿಗೂ ತಾನಾಗೇ, ಅವರಿಗೂ ತಾನಾಗೇ. ನಾವೇನು ಕಿವಿ ಮೇಲೆ ಹೂವಿಟ್ಟುಕೊಂಡಿದ್ದೀವಾ?"

"ಮ್ಯಾನೇಜರ್ರೇ, ಕದ್ದ ಸರ ಕತ್ತಿಗೆ ಹಾಕ್ಕೊಂಡು ಬೆಳ್‌ಬೆಳಗ್ಗೆ ಬೀದಿ ಸುತ್ತೋ ಕಳ್ಳನನ್ನ ನೀವು ನೋಡಿದ್ದೀರಾ? ಉತ್ತರ ಕದ್ದಿದ್ರೆ ಇವನು ಸಂಜೆ ತನಕ ಬಾಯಿ ಹೊಲ್ಕೊಂಡು ಇರ್ತಿದ್ದ." ಸ್ಟೆನೋಮ್ಮ ಬೇಕರಿಯಣ್ಣನತ್ತ ತಿರುಗಿದರು. "ಹಿಟ್ಟು ಕಲಸೋವಾಗ ಏನು ಕೇಳ್ತಿದ್ದೆ?"

"ನಿಮ್ಮಗಳ ಧ್ವನಿ ಸಂದೇಶಗಳನ್ನೇ. ಭಾನುವಾರ ಇಡೀ ವಾರದ್ದು ಇನ್ನೊಂದ್ಸಲ ಹಾಕ್ಕೊಳ್ತೀನಿ. ಒಂದು ಮುಗಿದ್ರೆ ಇನ್ನೊಂದು ತಾನಾಗೇ ಶುರುವಾಗತ್ತೆ."

"ಬೇಜಾರಾದ್ರೆ ನಿಲ್ಲಿಸ್ತೀಯಾ?"

"ಹೇಗಮ್ಮ? ಮೊಣಕೈ ತನಕ ಹಿಟ್ಟು. ಫೋನ್ ಮುಟ್ಟೋ ಹಾಗೇ ಇಲ್ಲ. ಅದು ಆಡಿದಷ್ಟು ಹೊತ್ತು ಕೇಳಿಸ್ಕೊಳ್ತೀನಿ."

ಸ್ಟೆನೋಮ್ಮ ಕುರ್ಚಿಗೆ ಒರಗಿದರು. "ಸಿಕ್ತು."

"ಏನು ಸಿಕ್ತು?" ಮ್ಯಾನೇಜರ್ ಪಿಳಿಪಿಳಿ ಕಣ್ಣು ಬಿಟ್ಟರು.

"ಸೋಮವಾರ ಸಂಜೆ ಕನ್ನಡಕದಕ್ಕ ಇವನಿಗೆ ಗೆದ್ದಿದ್ದಕ್ಕೆ ಶಭಾಷ್ ಹೇಳಿ ಒಂದು ಸಂದೇಶ ಕಳಿಸಿದ್ದಳಲ್ಲ, ಅದರ ಉದ್ದ ನೋಡಿ. ಅವಳ ಮಾತು ಅರ್ಧ ನಿಮಿಷಕ್ಕೆ ಮುಗಿಯತ್ತೆ. ಸಂದೇಶ ಮುಗಿಯಲ್ಲ! ನಾವೆಲ್ಲ ಮಾತು ನಿಂತ ತಕ್ಷಣ ಕೈಬಿಟ್ವಿ. ಕೊನೇ ತನಕ ಕೇಳಿದವನು ಇವನೊಬ್ಬನೇ— ಕೈಗೆ ಹಿಟ್ಟು ಅಂಟಿತ್ತಲ್ಲ, ಅದಕ್ಕೆ."

ಕನ್ನಡಕದಕ್ಕ ನಾಲಿಗೆ ಕಚ್ಚಿಕೊಂಡಳು. ರೆಕಾರ್ಡಿಗೆ ಹಾಕಿ, ಕಿವಿಯ ಇಯರ್‌ಫೋನ್ ತೆಗೆದಿಟ್ಟು, ಮಾತಾಡಿದ್ದಳು. ಕಳಿಸುವುದನ್ನು ಮರೆತು ಬರಿಗಿವಿಯಲ್ಲೇ ಪಾತ್ರೆ ತೊಳೆಯಲು ಹೋಗಿದ್ದಳು. ಆಮೇಲೆ ಬಂದು ನೋಡಿ, ಇದ್ದದ್ದನ್ನು ಇದ್ದ ಹಾಗೇ ಕಳಿಸಿದ್ದಳು.

"ಕೋರ್ಟಲ್ಲಿ ನಾನು ಪ್ರತಿ ಟೇಪನ್ನೂ ಪೂರ್ತಿ ಕೇಳ್ತಿದ್ದೆ," ಸ್ಟೆನೋಮ್ಮ ಹೇಳಿದರು. "ಸಾಕ್ಷಿ ಎದ್ದು ಹೋದ ಮೇಲೂ ಟೇಪು ಸುತ್ತುತ್ತಾ ಇರತ್ತೆ. ಎಷ್ಟೋ ಸಲ ನಿಜ ಅಲ್ಲೇ ಇರೋದು. ಈಗ ಕೇಳಿ."

ಅವರು ಆ ಸಂದೇಶವನ್ನು ಹಾಕಿದರು. ಮಾತು ಮುಗಿಯಿತು. ನಲ್ಲಿಯ ಸದ್ದು. ಪಾತ್ರೆಯ ಸದ್ದು. ಇಸ್ತ್ರಿಪೆಟ್ಟಿಗೆ ಮೇಜಿನ ಮೇಲೆ ಧಪ್ಪೆಂದು ಕೂತ ಸದ್ದು. ಅದರ ನಡುವೆ ಒಂದು ಗಂಡು ದನಿ, ಬಾಯಿ ತೆರೆಯದೆ, ಗುನುಗುತ್ತಿತ್ತು. ಶ್ರುತಿ ಎಲ್ಲೋ, ತಾಳ ಎಲ್ಲೋ. ಆದರೂ ಅನುಮಾನವಿರಲಿಲ್ಲ— 'ಗಾಳಿಯೇ ಮೆಲ್ಲನೆ ನಡೆ'.

"ಇದೇ! ಇದೇ ನನ್ನ ಬಾಯಿಗೆ ಬಂದಿದ್ದು!" ಬೇಕರಿಯಣ್ಣ ಕೂಗಿದ.

"ಹಾಗಾದ್ರೆ ಮನೆಯಿಂದಾನೇ ಉತ್ತರ ಸೋರಿದೆ," ಮ್ಯಾನೇಜರ್ ಎಂದರು.

"ಎಲ್ಲಿ ಸೋರತ್ತೆ? ಸೋಮವಾರ ಅವಳು ಹಾಡನ್ನ ಆರಿಸೇ ಇರಲಿಲ್ಲ! ಆರಿಸಿದ್ದು ಮಂಗಳವಾರ. ಇವನ ಕಿವಿಗೆ ಬಿದ್ದಿದ್ದು ಫೋನಿಂದ, ಅವಳ ಕಿವಿಗೆ ಬಿದ್ದಿದ್ದು ಪಾತ್ರೆ ತೊಳೆಯೋವಾಗ. ಇಬ್ಬರಿಗೂ ಕೊಟ್ಟವನು ಒಬ್ಬನೇ. ಇದೇ ನಿಮ್ಮ ಮೂರನೇ ದಾರಿ ಮ್ಯಾನೇಜರ್ರೇ. ಅಪರಾಧಿ ಅಲ್ಲೇ ಹಿಂದೆ ನಿಂತಿದ್ದಾನೆ ನೋಡಿ— ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಸಮೇತ!"

ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ. ಅವನು ಬೆಪ್ಪಾಗಿ ನಿಂತ.

"ನಾನೇನು ಮಾಡ್ದೆ?"

"ರೀ... ಈ ಹಾಡು ನಿಮಗೆ ಹೇಗೆ ಗೊತ್ತು?" ಕನ್ನಡಕದಕ್ಕ ಗಂಡನತ್ತ ತಿರುಗಿ ಕೇಳಿದಳು.

"ನೀನೇ ಹಾಡ್ತಿದ್ದೆಯಲ್ಲ, ಮಗಳು ಕೂಸಾಗಿದ್ದಾಗ. ಮಲಗಲ್ಲ ಅಂತ ಹಟ ಮಾಡಿದ್ರೆ ಹೆಗಲಿಗೆ ಹಾಕ್ಕೊಂಡು ಇದನ್ನೇ ಹಾಡ್ತಿದ್ದೆ. ಆಮೇಲೆ ನೀನು ಬಿಟ್ಟುಬಿಟ್ಟೆ. ನಂಗೆ ಇಸ್ತ್ರಿ ಮಾಡೋವಾಗ ಬಾಯಿಗೆ ಬರತ್ತೆ."

"ಸೋಮವಾರ ಮಾತ್ರಾನಾ?"

"ದಿನಾ ಬರತ್ತೆ. ನಿನ್ನ ಕಿವೀಲಿ ಯಾವಾಗ್ಲೂ ಆ ವೈರ್ ಇರತ್ತಲ್ಲ."

ಎರಡು ಸಲ ಊದಿದ ಕೊಳಲಿನಿಂದಲೇ ಹಾಡು ಯಾವುದೆಂದು ಹೇಳಬಲ್ಲವಳು ಅವಳು. ಮಗಳು ಬೆಳೆದು ಬೇರೆ ಮನೆ ಮಾಡಿದ್ದಳು. ಅಷ್ಟು ವರ್ಷವೂ ಈ ಮನುಷ್ಯ ಬೆನ್ನ ಹಿಂದೆ ನಿಂತು ಅದೊಂದೇ ಹಾಡನ್ನು ಗುನುಗುತ್ತಿದ್ದ. ಅವಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹೇಳಲಾರದಷ್ಟು ಪ್ರೀತಿ ಉಕ್ಕಿತು.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. "ಬೇಕರಿಯಣ್ಣ, ನಂದು ತಪ್ಪಾಯ್ತಪ್ಪ. ಆ ಮಾತು ಆಡಬಾರದಿತ್ತು. ಗುಂಪಿಗೆ ವಾಪಸ್ ಸೇರಿಸ್ತಾ ಇದ್ದೀನಿ. ಬರ್ತೀಯಾ?"

ಬೇಕರಿಯಣ್ಣ ತೋಳಿನಿಂದ ಕಣ್ಣು ಒರೆಸಿಕೊಂಡ. "ಬರ್ತೀನಿ ಸಾರ್. ಆದ್ರೆ ಅಪರಾಧಿಗೆ ಶಿಕ್ಷೆ ಆಗ್ಬೇಕು. ಮುಂದಿನ ಭಾನುವಾರದ ಒಗಟು ಮೇಷ್ಟ್ರದ್ದೇ."

"ಅಯ್ಯಯ್ಯೋ, ನಂಗೆ ಬರೋದು ಅದೊಂದೇ ಹಾಡು!" ಎಂದ ಮೇಷ್ಟ್ರು.

ಎಲ್ಲರೂ ಗೊಳ್ಳೆಂದು ನಕ್ಕರು. ಕನ್ನಡಕದಕ್ಕ ಎದ್ದುಹೋಗಿ ಅವನ ಕೈಯಿಂದ ಇಸ್ತ್ರಿಪೆಟ್ಟಿಗೆ ತೆಗೆದಿಟ್ಟಳು.

"ಅದನ್ನೇ ಹಾಡ್ರೀ," ಎಂದಳು. "ಇವತ್ತು ಮೊದಲಿಂದ ಕೇಳ್ತೀನಿ."